ಮಾರಣ್ಣ ಕಂಬಳಿಯ ಮೇಲೆ ಆಡಿದ ಮಾತು

ನನ್ನ ಅಂಗನವಾಡಿಗೆ ಇರುವುದು ಒಂದೇ ಕಿಟಕಿ. ಅದು ತೆರೆಯುವುದು ಬೇವಿನ ಕಟ್ಟೆಯ ಕಡೆಗೆ. ಗಾಳಿ ಬೇಕೆಂದರೆ ಮಾರಣ್ಣ ಮಾವನ ಮಾತನ್ನೂ ಒಳಗೆ ಬಿಟ್ಟುಕೊಳ್ಳಲೇಬೇಕು. ಹದಿನಾಲ್ಕು ವರ್ಷದಿಂದ ನಾನು ಒಳಗೆ ಮಕ್ಕಳಿಗೆ ಅಕ್ಷರ ಹೇಳಿಕೊಡುತ್ತಿದ್ದರೆ ಆತ ಹೊರಗೆ ಊರಿಗೆ ರಾಜಕೀಯ ಹೇಳಿಕೊಡುತ್ತಿದ್ದಾನೆ. ಶಿಷ್ಯರು ಆತನಿಗೇ ಹೆಚ್ಚು. ಒಮ್ಮೆ ತಪಾಸಣೆಗೆ ಬಂದ ಮೇಡಂ ನಾಲ್ಕು ವರ್ಷದ ದೀಪಿಕಾಳನ್ನು ಮುಂದೆ ಕರೆದು ಒಂದು ಹಾಡು ಹೇಳು ಅಂದರು. ಅವಳು ಸೊಂಟದ ಮೇಲೆ ಕೈಯಿಟ್ಟು, "ಓಟು ಕೇಳಾಕ ಬರ್ತಾರ, ನೀರು ಕೇಳಿದ್ರ ಬರಾಂಗಿಲ್ಲ!" ಎಂದಳು. ಮೇಡಂ ನಕ್ಕರು, ನಾನು ಬದುಕಿದೆ.

ನಮ್ಮೂರು ಆಂಧ್ರದ ಹಾಲಹರವಿ ಮಂಡಲದ ಕೊನೆಯಲ್ಲಿದೆ. ಪಡುವಣ ಹೊಲಗಳನ್ನು ದಾಟಿದರೆ ಬಳ್ಳಾರಿ ಜಿಲ್ಲೆ. ನಮಗೆ ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಸಂತೆಯಲ್ಲಿ ಯಾವುದರಲ್ಲಿ ಚೌಕಾಸಿ ಸುಲಭವೋ ಅದು. ಮಾರಣ್ಣ ಮಾವ ಅರವತ್ತು ದಾಟಿದ ಕುರಿಗಾರ. ಬೇಸಿಗೆಯಲ್ಲೂ ಹೆಗಲಿನಿಂದ ಕರಿ ಕಂಬಳಿ ಇಳಿಯುವುದಿಲ್ಲ. ಎದೆಯ ಜೇಬಿನಲ್ಲಿ ಫೋನು ಸುದ್ದಿ ಓದುತ್ತಲೇ ಇರುತ್ತದೆ, ಒಂದು ದಿನ ತೆಲುಗಿನದು, ಒಂದು ದಿನ ಕನ್ನಡದ್ದು. ಎರಡೂ ರಾಜ್ಯದ ಮಂತ್ರಿಗಳ ಹೆಸರು ಆತನ ಕುರಿಗಳಿಗೂ ಬಾಯಿಪಾಠ ಆಗಿರಬೇಕು. ಬೆಳಿಗ್ಗೆ ಕುರಿ ಬಿಡುವ ಮುಂಚೆ ಒಂದು ತಾಸು ಆತ ಕಟ್ಟೆಗೆ ಬಂದು, ರಾತ್ರಿಯಿಡೀ ಕೂಡಿಟ್ಟುಕೊಂಡ ಅಭಿಪ್ರಾಯಗಳನ್ನೆಲ್ಲ ಬಿಚ್ಚುತ್ತಾನೆ.

ಹೆಂಗಸರ ಫ್ರೀ ಬಸ್ಸಿನ ಬಗ್ಗೆ ಕೇಳಿದರೆ, "ಭಾಳ ಚಲೋ ಐತಿ. ನಮ್ಮ ಲಕ್ಷ್ಮಿದೇವಿ ಆ ಕಡಿ ಫ್ರೀ ಅಡ್ಡಾಡ್ತಾಳ, ಈಕಿ ಈ ಕಡಿ ಫ್ರೀ. ನಡುವ ಗಡಿ ಐತಲ್ಲ, ಅಲ್ಲಿ ಇಬ್ರೂ ಟಿಕೀಟು ತಗೋಬೇಕು. ಇರ್ಲಿ, ಮೊದ್ಲು ನಮ್ಮೂರಿಗೆ ಬಸ್ಸು ಬರ್ಲಿ" ಎನ್ನುತ್ತಾನೆ. ಲಕ್ಷ್ಮಿದೇವಿ ಎಂದರೆ ಸಿರುಗುಪ್ಪದ ಕಡೆ ಕೊಟ್ಟ ಮಗಳು, 'ಈಕಿ' ಎಂದರೆ ಹೆಂಡತಿ ಉಚ್ಚಮ್ಮ. ಟೀವಿಯ ಚರ್ಚೆಗಳ ಬಗ್ಗೆ: "ಆರು ಮಂದಿ ಒಮ್ಮಿಗೇ ಒದರಿದ್ರ ಕುರಿ ಸೈತ ದಾರಿ ತಪ್ತಾವು." ಕೊರಳಿಗೆ ಪಾರ್ಟಿಯ ಶಲ್ಯ ಹಾಕಿಕೊಂಡು ತಿರುಗುವ ಹುಡುಗರನ್ನು ಕಂಡರೆ: "ಕುರಿಗಿ ಬಣ್ಣ ಯಾಕ ಹಚ್ತೀವಿ? ಇದು ಇಂಥವಂದು ಅಂತ ಗುರುತು ಸಿಗಲಿ ಅಂತ. ನಿನಗ್ಯಾಕಪಾ ಬಣ್ಣ, ನೀ ಯಾರ ಕುರಿ?" ಹುಡುಗರು ನಕ್ಕು ಹೋಗುತ್ತಾರೆ, ಶಲ್ಯ ಮಾತ್ರ ತೆಗೆಯುವುದಿಲ್ಲ. ಸ್ವತಃ ಯಾರಿಗೆ ಓಟು ಹಾಕಿದೆ ಎಂದು ಆತ ಇದುವರೆಗೆ ಬಾಯಿ ಬಿಟ್ಟಿಲ್ಲ. ಉಚ್ಚಮ್ಮತ್ತೆಯೂ ಬಿಟ್ಟಿಲ್ಲ. ಗಂಡ ಹೆಂಡತಿ ಮೂವತ್ತೈದು ವರ್ಷದಿಂದ ಪರಸ್ಪರ ಅನುಮಾನದಲ್ಲೇ ಸುಖವಾಗಿದ್ದಾರೆ.

ಆದರೆ ಆತನ ಎಲ್ಲ ಅಭಿಪ್ರಾಯಗಳಿಗೂ ಹಿರಿಯಣ್ಣನಂಥ ಒಂದು ಅಭಿಪ್ರಾಯವಿತ್ತು. ಅದು ಹೆಂಡತಿಯ ಕುರ್ಚಿಯ ಮೇಲೆ ಕೂರುವ ಗಂಡಸರ ಬಗ್ಗೆ. ಹಿಂದಿನ ಸಲ ನಮ್ಮೂರ ಸರಪಂಚ್ ಸ್ಥಾನ ಹೆಂಗಸರಿಗೆ ಬಂದು ಎರ್ರಮ್ಮ ಗೆದ್ದಿದ್ದಳು. ಕುರ್ಚಿಯ ಮೇಲೆ ಕೂತದ್ದು ಮಾತ್ರ ಅವಳ ಗಂಡ ಬಾಲರಾಜ್. ಸರಪಂಚ್ ಮುದ್ರೆ ಇರುತ್ತಿದ್ದದ್ದು ಅವನ ಅಂಗಿಯ ಜೇಬಿನಲ್ಲಿ. ಎರ್ರಮ್ಮ ಪಂಚಾಯತಿಗೆ ಬಂದದ್ದು ಬಾವುಟ ಹಾರಿಸುವ ದಿನ, ಅದೂ ಹಗ್ಗವನ್ನು ಅವನೇ ಕೈಗೆ ಕೊಟ್ಟಾಗ. ಅಂಗನವಾಡಿಗೆ ಒಂದು ನಲ್ಲಿ ಬೇಕು ಎಂದು ನಾನು ಐದು ವರ್ಷ ಅರ್ಜಿ ಕೊಟ್ಟೆ. "ನೋಡೋಣ ಟೀಚರಮ್ಮ" ಎಂದು ಬಾಲರಾಜ್ ಐದು ವರ್ಷವೂ ನೋಡಿದ. ಮಕ್ಕಳ ಕೈ ತೊಳೆಸಲು ನಾನು ದಿನವೂ ಬೀದಿಯ ಬೋರಿನಿಂದ ಕೊಡ ಹೊರುತ್ತಿದ್ದೆ. ಒಮ್ಮೆ ಎರ್ರಮ್ಮ ಅದೇ ಬೋರಿನ ಹತ್ತಿರ ಸಿಕ್ಕು, "ಹೇಮಾ, ನನ್ನ ಸೈ ಹೆಂಗಿರ್ತಿತ್ತು ಅಂತ ನನಗೇ ಮರತೈತಿ ನೋಡು" ಎಂದು ನಕ್ಕಳು. ನನಗೆ ನಗು ಬರಲಿಲ್ಲ, ಸಿಟ್ಟು ಬಂತು.

ಇನ್ನು ಕಂಬಳಿಯ ವಿಷಯ ಹೇಳಬೇಕು. ಕುರಿಗಾರರ ಓಣಿಯಲ್ಲಿ ಅಣ್ಣತಮ್ಮಂದಿರು ಪಾಲಾಗಲಿ, ಎರಡು ಹಿಂಡು ಬೆರೆತು ಜಗಳವಾಗಲಿ, ಪೊಲೀಸರ ತನಕ ಹೋಗುವುದಿಲ್ಲ. ಕಟ್ಟೆಯ ಮೇಲೆ ಕರಿ ಕಂಬಳಿ ಹಾಸಿ, ಮೇಲೆ ಒಂದು ಚಿಟಿಕೆ ಭಂಡಾರದ ಅರಿಶಿಣ ಇಟ್ಟು, ಚಪ್ಪಲಿ ಬಿಟ್ಟು ಕೂರುತ್ತಾರೆ. ಅದರ ಮೇಲೆ ಆಡಿದ ಮಾತಿಗೆ ಕಾಗದ ಬೇಡ, ಸಹಿ ಬೇಡ. ಆ ಮಾತನ್ನು ವಾಪಸು ತೆಗೆದುಕೊಳ್ಳಬೇಕಾದರೆ ಮತ್ತೆ ಕಂಬಳಿ ಹಾಸಿ, ಅಂದು ಕೂತಿದ್ದವರೆಲ್ಲ ಒಪ್ಪಬೇಕು. ಕಟ್ಟೆಯ ಮಾತಿಗೆ ಲೆಕ್ಕವಿಲ್ಲ, ಕಂಬಳಿಯ ಮಾತಿಗೆ ಮಾಫಿಯಿಲ್ಲ. ಕಂಬಳಿ ಮಡಚಿದ ಮೇಲೆಯೇ ಸಭೆ ಮುಗಿದಂತೆ.

ಬಾಲರಾಜನ ಕಾಲದಲ್ಲೇ ಒಂದು ದಿನ ಹಾಗೆ ಕಂಬಳಿ ಹಾಸಿದ್ದರು. ಯಾವುದೋ ಎರಡು ಟಗರಿನ ತಕರಾರು, ಬೇಗ ಮುಗಿಯಿತು. ಚಹಾ ಬಂತು. ಎಲ್ಲರೂ ಕೂತಲ್ಲೇ ಕುಡಿಯುತ್ತಿದ್ದಾಗ ಬಾಲರಾಜ್ ಜೇಬು ತಟ್ಟಿಕೊಳ್ಳುತ್ತ ಮುಂದೆ ಹಾದುಹೋದ. ಅಷ್ಟು ಸಾಕಾಯಿತು. ಮಾರಣ್ಣ ಮಾವ ಎಲ್ಲಿ ಕೂತಿದ್ದೇನೆಂಬುದನ್ನು ಮರೆತು ಶುರು ಮಾಡಿದ.

"ನೋಡ್ರಿ ಅವನ್ನ! ಹೆಣ್ಮಗಳು ಗೆದ್ದ ಕುರ್ಚಿ ಮ್ಯಾಲೆ ಕುಂದ್ರಾಕ ನಾಚಿಕಿ ಬ್ಯಾಡೇನು? ನಮ್ಮ ಓಣ್ಯಾಗ ಅಂಥ ಗಂಡಸು ಯಾವನಾರ ಹುಟ್ಟಿದ್ರ, ಅವನ ಕುರಿ ಊರಾಗ ಯಾರ ಹೊಲದಾಗೂ ನಿಲ್ಲಬಾರದು!"

ಓಣಿಯ ಹಿರಿಯ ಉರುಕುಂದಪ್ಪಜ್ಜ ಚಹಾದ ಲೋಟ ಕೆಳಗಿಟ್ಟು ಮೆಲ್ಲಗೆ ಹೇಳಿದ: "ಮಾರಣ್ಣ, ಕಂಬಳಿ ಇನ್ನಾ ಮಡಚಿಲ್ಲ."

ಎಲ್ಲರೂ ಅರಿಶಿಣದ ಕಡೆ ನೋಡಿದರು. ಮಾರಣ್ಣ ಮಾವನೂ ನೋಡಿದ. ಆಮೇಲೆ, "ಇರ್ಲಿ ಬಿಡು, ಅಂದದ್ದು ಅಂದಂಗ" ಎಂದು ಎದೆ ಸೆಟೆಸಿದ. ಅಂಥ ಗಂಡಸು ತಾನಾಗುವ ಸಂಭವ ಆತನ ತಲೆಗೆ ಬಂದಿರಲೇ ಇಲ್ಲ. ನಮ್ಮ ಕಡೆ ಬಿತ್ತನೆಗೆ ಮುಂಚೆ ರೈತರು ಕುರಿಗಾರನ ಹಿಂಡನ್ನು ಕೆಲವು ರಾತ್ರಿ ತಮ್ಮ ಹೊಲದಲ್ಲಿ ನಿಲ್ಲಿಸಿಕೊಳ್ಳುತ್ತಾರೆ, ಹಿಕ್ಕೆಯ ಗೊಬ್ಬರಕ್ಕಾಗಿ. ಕುರಿಗಾರನಿಗೆ ಕಾಳು ಸಿಗುತ್ತದೆ, ಅದಕ್ಕಿಂತ ಹೆಚ್ಚಾಗಿ ಕರೆಸಿಕೊಂಡ ಮರ್ಯಾದೆ ಸಿಗುತ್ತದೆ. ಯಾರೂ ಕರೆಯದ ಕುರಿಗಾರ ಊರಿನಲ್ಲಿ ತಲೆಯೆತ್ತಿ ನಡೆಯುವುದು ಕಷ್ಟ.

ಮುಂದಿನ ಚುನಾವಣೆಯಲ್ಲೂ ಸ್ಥಾನ ಹೆಂಗಸರಿಗೇ ಬಂತು. ಓಣಿಯವರು ಮಾರಣ್ಣ ಮಾವನ ಸೊಸೆ ಭಾಗ್ಯಳನ್ನು ನಿಲ್ಲಿಸಿದರು. ಅವಳ ಗಂಡ ಚಂದ್ರಮೋಹನ್ ಆದೋನಿಯ ಹತ್ತಿ ಮಿಲ್ಲಿಗೆ ಹೋಗಿಬರುವ ಸಾಧು ಮನುಷ್ಯ, ಅವನಿಗೆ ಕುರ್ಚಿಯ ಆಸೆ ಇರಲಿಲ್ಲ. ಭಾಗ್ಯ ಸಿರುಗುಪ್ಪದ ಕಡೆಯ ಹುಡುಗಿ, ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದವಳು. ಮಾತು ಕಡಿಮೆ, ಲೆಕ್ಕ ಪಕ್ಕಾ. ಮನೆಮನೆಗೆ ಹೋಗಿ, "ನಾನು ಭಾಗ್ಯ, ನಾನೇ ಬಂದು ಕೆಲಸ ಮಾಡ್ತೀನಿ" ಎಂದು ಓಟು ಕೇಳಿದಳು. ನನ್ನ ಬಾಗಿಲಿಗೆ ಬಂದು, "ಅಕ್ಕಾ, ಮೊದ್ಲನೇ ಕೆಲಸ ನಿಮ್ಮ ನಲ್ಲಿ" ಎಂದಳು. ಗೆದ್ದಳು.

ಗೆದ್ದ ವಾರವೇ ಮಾರಣ್ಣ ಮಾವ ಆಲೂರಿಗೆ ಹೋಗಿ ಬಿಳಿ ಅಂಗಿ ಹೊಲಿಸಿಕೊಂಡು ಬಂದ. ಯಾಕೆ ಮಾವ ಎಂದರೆ, "ಆಕಿಗಿ ತೆಲುಗು ಓದಾಕ ಬರಂಗಿಲ್ಲ ಹೇಮವ್ವ. ಕಾಗದ ಎಲ್ಲಾ ತೆಲುಗಿನಾಗ ಬರ್ತಾವು. ಸುಮ್ನೆ ಜೋಡಿಗಿ ಹೋಗ್ತೀನಿ" ಎಂದ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಮೊದಲ ಮೀಟಿಂಗಿನಲ್ಲಿ ಆತ ಬಾಗಿಲ ಬಳಿಯ ಬೆಂಚಿನ ಮೇಲೆ ಕೂತ. ಎರಡನೆಯದರಲ್ಲಿ ಭಾಗ್ಯಳ ಪಕ್ಕದ ಕುರ್ಚಿಗೆ ಬಂದ. ಮೂರನೆಯ ಸಲ ಭಾಗ್ಯಳ ಮಗಳು ಚಂದನಾಗೆ ಜ್ವರ, ಅವಳು ಮನೆಯಲ್ಲುಳಿದಳು. ಆತ ಒಬ್ಬನೇ ಹೋದ. ಪಂಚಾಯತಿ ಕಾರ್ಯದರ್ಶಿ ನರೇಶ ನಂದವರಂ ಕಡೆಯ ತೆಲುಗು ಮನೆಯ ಹುಡುಗ, ಬಲು ವಿನಯ. "ಕೂರ್ಚೋಂಡಿ ಪೆದ್ದಾಯನಾ" ಎಂದು, ಹಿರಿಯರು ಕೂರಬೇಕೆಂದು ಸರಪಂಚರ ದೊಡ್ಡ ಕುರ್ಚಿಯನ್ನೇ ಮುಂದೆ ಎಳೆದ. ಆತ ಕೂತ.

ಕೂತವನಿಗೆ ಹಿತವಾಯಿತು. ಅಲ್ಲಿಂದ ಕಾಗದಗಳು ನೇರ ಆತನ ಕೈಗೆ ಬರತೊಡಗಿದವು. ಭಾಗ್ಯ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದರೆ ಆತ, "ಇಲ್ಲಿ ಒಂದು ಸೈ ಹಾಕವ್ವ" ಎನ್ನುವುದು ನನಗೆ ಗೋಡೆಯಾಚೆಯಿಂದ ಕೇಳಿಸುತ್ತಿತ್ತು, ನಮ್ಮ ಮನೆಗಳಿಗೆ ಗೋಡೆ ಒಂದೇ. ಮೊದಲನೆಯ ಕೆಲಸ ಏನು ಬರೆಯೋಣ ಎಂದು ನರೇಶ ಕೇಳಿದಾಗ, ಮಾರಣ್ಣ ಮಾವ ಬೇವಿನ ಕಟ್ಟೆಗೆ ಸಿಮೆಂಟು ಎಂದು ಬರೆಸಿದ! ತಾನು ಕೂತು ಮಾತಾಡುವ ಜಾಗಕ್ಕೆ. ಆ ಸುದ್ದಿ ಕೇಳಿದ ದಿನ ನಾನು ಕಿಟಕಿ ಮುಚ್ಚಿದೆ. ಸೆಕೆಯಲ್ಲಿ ಮಕ್ಕಳು ಬೆವೆತರೂ ತೆರೆಯಲಿಲ್ಲ. ಆತನ ಮೇಲೆ ನನಗಿದ್ದ ಪ್ರೀತಿಯೇ ಅಷ್ಟು ಸಿಟ್ಟಾಗಿತ್ತು.

ಭಾಗ್ಯ ಜಗಳವಾಡಲಿಲ್ಲ. ಮಕ್ಕಳು ಉಂಡು ಮಲಗುವ ಹೊತ್ತಿಗೆ ದಿನವೂ ಅಂಗನವಾಡಿಗೆ ಬಂದಳು. "ಅಕ್ಕಾ, ನನಗ ತೆಲುಗು ಅಕ್ಷರ ಕಲಿಸ್ರಿ" ಎಂದಳು. ಗೋಡೆಯ ಮೇಲಿನ ಮಕ್ಕಳ ಪಟ ಇಳಿಸಿ ಅವಳ ಮುಂದಿಟ್ಟೆ. ಕನ್ನಡ ಬಂದವರಿಗೆ ತೆಲುಗಿನ ಅಕ್ಷರ ನೆಂಟರ ಮನೆಯಿದ್ದ ಹಾಗೆ, ಓಣಿ ಸ್ವಲ್ಪ ಕೇಳಿಕೊಂಡರೆ ಸಾಕು. ತಿಂಗಳೊಳಗೆ ಅವಳು ತಡವರಿಸುತ್ತಾ ನೋಟೀಸು ಓದತೊಡಗಿದಳು. ಇದು ಉಚ್ಚಮ್ಮತ್ತೆಗೆ ಗೊತ್ತಿತ್ತು. ಮಾವನಿಗೆ ಗೊತ್ತಿರಲಿಲ್ಲ.

ಅಷ್ಟರಲ್ಲಿ ಬೇಸಿಗೆ ಮುಗಿಯುತ್ತ ಬಂದು ಹೊಲದಲ್ಲಿ ಕುರಿ ನಿಲ್ಲಿಸುವ ಕಾಲ ಬಂತು. ಪ್ರತಿ ವರ್ಷ ಮಾರಣ್ಣ ಮಾವನ ಹಿಂಡಿಗೆ ನಾ ಮುಂದು ತಾ ಮುಂದು ಎಂದು ರೈತರು ಬರುತ್ತಿದ್ದರು. ಆ ವರ್ಷ ಒಬ್ಬರೂ ಬರಲಿಲ್ಲ. ಆತ ಹತ್ತು ದಿನ ಕಾದ. ಆಮೇಲೆ ನನ್ನ ಮುಚ್ಚಿದ ಕಿಟಕಿ ತಟ್ಟಿದ.

"ಹೇಮವ್ವಾ, ಊರಾಗ ಎಲ್ಲಾರೂ ಸರ್ಕಾರಿ ಗೊಬ್ಬರದ ಚೀಲ ತಂದಾರೇನು?"

"ನನಗೇನು ಗೊತ್ತು ಮಾವ. ಉರುಕುಂದಪ್ಪಜ್ಜನ್ನ ಕೇಳ್ರಿ."

ಕೇಳಿದ. ಕಟ್ಟೆಯ ಮೇಲೆ, ಎಲ್ಲರೆದುರಿಗೇ. ಉರುಕುಂದಪ್ಪಜ್ಜ, "ನನ್ನ ಹೊಲ ಕಾಯಾಕತ್ತೈತಿ ಮಾರಣ್ಣ. ಆದ್ರ ಕಂಬಳಿ ಮ್ಯಾಲಿನ ಮಾತು ಐತಲ್ಲ, ನೀನೇ ಅಂದದ್ದು" ಎಂದ. ಆತನ ಸ್ವರದಲ್ಲಿ ಸಿಟ್ಟಿರಲಿಲ್ಲ, ಅದೇ ಹೆಚ್ಚು ಚುಚ್ಚಿತು. ನಾನು ಕಿಟಕಿಯನ್ನು ಬೆರಳಷ್ಟು ತೆರೆದೆ.

ಆಗ ಬಾಲರಾಜ್ ಎದ್ದು ಬಂದು ಮಾವನ ಹೆಗಲ ಮೇಲೆ ಕೈಯಿಟ್ಟ. "ನನ್ನ ಹೊಲದಾಗ ನಿಲ್ಲಿಸು ಬಾ ಮಾರಣ್ಣ. ಅವತ್ತು ನಾ ಕಂಬಳಿ ಮ್ಯಾಲೆ ಕುಂತಿದ್ದಿಲ್ಲ, ನನಗ ಆ ಮಾತು ಹತ್ತಂಗಿಲ್ಲ. ಈಗ ನೀನೂ ನಾನೂ ಒಂದೇ ಅಲ್ಲೇನು?"

ಬಾಲರಾಜ್ ಅಣಕಿಸಲಿಲ್ಲ, ನಿಜವಾದ ಸ್ನೇಹದಿಂದಲೇ ಹೇಳಿದ. ಮಾರಣ್ಣ ಮಾವನ ಮುಖ ನೋಡಲಾಗಲಿಲ್ಲ. ತನ್ನದೊಂದು ತುಂಡು ಬಿಟ್ಟರೆ ಊರಿನ ಅಷ್ಟೂ ಹೊಲಗಳಲ್ಲಿ ಆತನಿಗೆ ತೆರೆದಿದ್ದದ್ದು ಅದೊಂದೇ. ಆತ ಹೆಗಲ ಮೇಲಿನ ಕೈಯನ್ನು ಮೆಲ್ಲಗೆ ಸರಿಸಿ ಮನೆಗೆ ನಡೆದ.

ಅಂದು ಸಂಜೆ ಗೋಡೆಯಾಚೆಯಿಂದ ಕೇಳಿದ್ದನ್ನು ಹೇಳುತ್ತೇನೆ. ಕದ್ದು ಕೇಳಲಿಲ್ಲ, ಅವರೇ ಜೋರಾಗಿ ಮಾತಾಡಿದರು.

"ಊರಿಗಿ ಆ ಹಳೇ ಮಾತು ನೆನಪು ಮಾಡಿದವ್ರು ಯಾರು?" ಎಂದು ಆತ ಕೇಳಿದ.

"ನಾನೇ" ಎಂದಳು ಉಚ್ಚಮ್ಮತ್ತೆ. "ಮನಿ ಮನಿಗಿ ಹೋಗಿ ಹೇಳಿ ಬಂದೀನಿ."

"ನಮ್ಮ ಕುರಿಗಿ ಹೊಲ ಇಲ್ದಂಗ ನೀನೇ ಮಾಡಿದ್ಯಾ?"

"ಕುರಿ ಇಬ್ರದೂ. ಮಾತು ನಿಂದು. ಮೂವತ್ತೈದು ವರ್ಷ ನಿನ್ನ ಮಾತು ಕೇಳೀನಿ, ಅದರಾಗ ಚಲೋದು ಅದೊಂದೇ ಇತ್ತು. ಅದನ್ನೂ ತಿಂದು ನೀರು ಕುಡಿದ್ಯಲ್ಲ."

ರೊಟ್ಟಿ ತಟ್ಟುವ ಸದ್ದು ನಿಂತಿತು. ಆಮೇಲೆ ಭಾಗ್ಯಳ ದನಿ ಬಂತು: "ಮಾವ, ನಿಮ್ಮನ್ನ ಬೈಯಾಕತ್ತಿಲ್ಲ. ಆದ್ರ ನಾ ಓಟು ಕೇಳಾಕ ಹೋದಾಗ ನನ್ನ ಹೆಸರು ಹೇಳೀನಿ, ನಿಮ್ದು ಹೇಳಿಲ್ಲ. ಸೋಮವಾರ ಗ್ರಾಮಸಭೆ ಐತಿ. ನಾನೇ ಹೋಗ್ತೀನಿ, ನಾನೇ ಓದ್ತೀನಿ."

"ತೆಲುಗು?"

"ಬರ್ತೈತ್ರಿ ಈಗ."

ಆತ ಎದ್ದು ಕುರಿಗಳ ಕಡೆ ಹೋದ ಚಪ್ಪಲಿಯ ಸದ್ದು ಕೇಳಿಸಿತು.

ಊರಲ್ಲಿ ಎಲ್ಲರೂ ಒಂದೇ ಅಂದುಕೊಂಡಿದ್ದರು: ಮಾರಣ್ಣ ಕಂಬಳಿ ಹಾಸಿ ಮಾತು ವಾಪಸು ಕೇಳುತ್ತಾನೆ, ಹಿರಿಯರು ಬಿಟ್ಟುಬಿಡುತ್ತಾರೆ, ಮುಗಿಯಿತು. ಕೇಳಿದ್ದರೆ ಬಿಡುತ್ತಿದ್ದರು ಕೂಡ. ನನಗೂ ಅದೇ ಭಯವಿತ್ತು. ಕುರಿ ಹೊಲಕ್ಕೆ ಹೋಗುತ್ತವೆ, ಭಾಗ್ಯ ಮತ್ತೆ ಒಲೆಯ ಮುಂದೆ ಬರುತ್ತಾಳೆ, ನನ್ನ ಕೊಡ ನನ್ನ ಸೊಂಟಕ್ಕೆ.

ಸೋಮವಾರ ಪಂಚಾಯತಿಯ ಅಂಗಳ ತುಂಬಿತ್ತು. ನರೇಶ ಅಭ್ಯಾಸಬಲದಿಂದ ಎರಡು ಕುರ್ಚಿ ಹಾಕಿಸಿದ್ದ. ಭಾಗ್ಯ ಬಂದು ನಡುವಿನ ಕುರ್ಚಿಯಲ್ಲಿ ಕೂತಳು. ಮಾರಣ್ಣ ಮಾವ ಬಂದದ್ದು ಹಳೆಯ ಅಂಗಿಯಲ್ಲಿ. "ಕೂರ್ಚೋಂಡಿ ಪೆದ್ದಾಯನಾ" ಎಂದು ನರೇಶ ಪಕ್ಕದ ಕುರ್ಚಿ ತೋರಿಸಿದ. ಆತ ಬೇಡವೆಂದು ಕೈಯಾಡಿಸಿ, ಜನರ ನಡುವೆ ನೆಲದ ಮೇಲೆ ತನ್ನ ಕಂಬಳಿ ಹಾಸಿದ. ಚಪ್ಪಲಿ ಬಿಟ್ಟ. ಸೊಂಟದ ಚೀಲದಿಂದ ಒಂದು ಚಿಟಿಕೆ ಅರಿಶಿಣ ತೆಗೆದು ಮುಂದೆ ಇಟ್ಟ. ಉರುಕುಂದಪ್ಪಜ್ಜ ಮತ್ತು ಓಣಿಯ ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಬಂದು ಜೊತೆಗೆ ಕೂತರು. ವಾಪಸು ಕೇಳುವುದೇ ನಿಜ ಎಂದುಕೊಂಡೆ.

ಭಾಗ್ಯ ಓದತೊಡಗಿದಳು. ಎರಡು ಕಡೆ ಎಡವಿದಳು, ನಿಂತು, ಬೆರಳಿಟ್ಟು, ಸರಿಮಾಡಿಕೊಂಡು ಮುಂದೆ ಹೋದಳು. ತೆಲುಗಿನಲ್ಲಿ ಓದಿ ಕನ್ನಡದಲ್ಲಿ ಬಿಡಿಸಿ ಹೇಳಿದಳು. ಬೀದಿದೀಪ, ಪಿಂಚಣಿ, ಚರಂಡಿ, ಎಲ್ಲದಕ್ಕೂ ಜನ ಒದರಾಡಿದರು. ಮಾರಣ್ಣ ಮಾವ ಮಾತ್ರ ತುಟಿ ಬಿಚ್ಚಲಿಲ್ಲ. ಎರಡು ತಾಸು! ಕಂಬಳಿಯ ಮೇಲೆ ಕೂತವನಿಗೆ ಒಂದೊಂದು ಮಾತೂ ಭಾರ. ಹೆಂಗಸರ ಸಾಲಿನಲ್ಲಿ ಎಂದೂ ಬಾರದ ಎರ್ರಮ್ಮ ಕೂತಿದ್ದಳು, ಭಾಗ್ಯಳ ಬಾಯಿಂದ ಕಣ್ಣು ತೆಗೆಯದೆ.

ಕೊನೆಗೆ ಭಾಗ್ಯ, "ಮೊದ್ಲನೇ ಕೆಲಸ ಕಟ್ಟಿಗಿ ಸಿಮೆಂಟು ಅಂತ ಬರದೈತಿ. ಅದನ್ನ ಹೊಡೆದು ಹಾಕಿ ಅಂಗನವಾಡಿಗಿ ನಲ್ಲಿ ಅಂತ ಬರಿಯಾಕ ಹೇಳ್ತೀನಿ" ಎಂದಳು. ಮಾವನ ಕಡೆ ತಿರುಗಿ ಕೇಳಿದಳು: "ಮಾವ, ನಿಮ್ದೇನಾರ ಹೇಳೋದು ಐತೇನ್ರಿ?"

"ಐತ್ರಿ, ಸರಪಂಚಮ್ಮಾರ" ಎಂದ ಮಾರಣ್ಣ ಮಾವ.

ಸೊಸೆಯನ್ನು ಆತ ಹಾಗೆ ಕರೆದದ್ದು ಅದೇ ಮೊದಲು.

"ಸಿಮೆಂಟು ಅಂತ ಬರೆಸಿದವ ನಾನು. ನಿಮ್ಮನ್ನ ಕೇಳಿದ್ದಿಲ್ಲ, ತಪ್ಪಾತು. ಅವತ್ತು ಕಂಬಳಿ ಮ್ಯಾಲೆ ನಾ ಅಂದ ಮಾತು ನನಗ ವಾಪಸು ಬ್ಯಾಡ, ಅದು ಇರ್ಲಿ. ಆ ಕುರ್ಚಿ ನಿಮ್ದು. ಇನ್ನೊಮ್ಮೆ ನಾ ಅದರ ಮ್ಯಾಲೆ ಕುಂತ್ರ, ನನ್ನ ಕುರಿ ನನ್ನ ಹೊಲದಾಗೂ ನಿಲ್ಲಬಾರದು."

ಉರುಕುಂದಪ್ಪಜ್ಜ ಆತನ ಮೊಣಕಾಲು ಮುಟ್ಟಿದ. "ಮಾರಣ್ಣ, ಕಂಬಳಿ ಇನ್ನಾ ಮಡಚಿಲ್ಲ."

"ಗೊತ್ತೈತಿ ಅಜ್ಜ. ಅದಕ್ಕೇ ಈಗ ಅಂದೆ."

ನನಗೆ ಕಣ್ಣು ತುಂಬಿ ಬಂತು. ಉಚ್ಚಮ್ಮತ್ತೆ ಸೆರಗು ಬಾಯಿಗೆ ಹಿಡಿದು ಅತ್ತಳೋ ನಕ್ಕಳೋ ತಿಳಿಯಲಿಲ್ಲ. ಭಾಗ್ಯ ಮುದ್ರೆಯನ್ನು ತನ್ನ ಕೈಯಿಂದಲೇ ಒತ್ತಿ, ಕೆಳಗೆ ದುಂಡಗೆ ಕನ್ನಡದಲ್ಲಿ ಸಹಿ ಹಾಕಿದಳು. ಮರುದಿನ ಬೆಳಿಗ್ಗೆ ಉರುಕುಂದಪ್ಪಜ್ಜನೇ ಮನೆಗೆ ಹೋಗಿ ಕುರಿ ಕೇಳಿದ.

ಮಳೆಗಾಲ ಕಳೆಯುವ ಹೊತ್ತಿಗೆ ಅಂಗನವಾಡಿಗೆ ನಲ್ಲಿ ಬಂತು. ಮೊದಲು ಕೈಯೊಡ್ಡಿದವಳು ದೀಪಿಕಾ. ಕಿಟಕಿಯನ್ನೂ ತೆರೆದಿಟ್ಟಿದ್ದೇನೆ. ಕಟ್ಟೆಯ ಕಲ್ಲು ಇನ್ನೂ ಹಾಗೇ ಒರಟು, ಮಾರಣ್ಣ ಮಾವನ ಬಾಯಿಯೂ ಹಾಗೇ. ಮೊನ್ನೆ ಬೆಳಿಗ್ಗೆ ಆತ, "ಈ ಸರಪಂಚಮ್ಮಂದು ಕೆಲಸ ಭಾಳ ನಿಧಾನ. ಬೀದಿದೀಪ ಹಾಕ್ಸಾಕ ಏಸು ತಿಂಗಳು ಬೇಕು?" ಎಂದು ಶುರು ಮಾಡಿದ್ದ. ಭಾಗ್ಯ ಕೈಯಲ್ಲಿ ಫೈಲು ಹಿಡಿದು ಪಂಚಾಯತಿಗೆ ಹೊರಟವಳು ಕಟ್ಟೆಯ ಮುಂದೆ ನಿಂತಳು.

"ಮಾವ, ಇದನ್ನ ಗ್ರಾಮಸಭಾದಾಗ ಹೇಳ್ರಿ. ಬರುವಾಗ ಕಂಬಳಿ ತರ್ರಿ."

ಮಾರಣ್ಣ ಮಾವ ಹೆಗಲ ಮೇಲಿನ ಕಂಬಳಿಯನ್ನೊಮ್ಮೆ ಮುಟ್ಟಿ ನೋಡಿಕೊಂಡ. "ಹಂಗಾದ್ರ ಇನ್ನೊಂದು ತಿಂಗಳು ತಡಿಯೋಣ ಬಿಡ್ರಿ" ಎಂದು ಎದ್ದು, ಕುರಿ ಬಿಡಲು ಹೋದ.